ಕಡಿಯಿತೋ, ಮುಟ್ಟಿತೋ

ನಮ್ಮ ಅತ್ತೆಗೆ ಹುಳದಮ್ಮ ಎಂದು ಹೆಸರಿಟ್ಟವರು ಗೋದಾಮಿಗಿದ್ದ ಒಬ್ಬರೇ ಕಾವಲುಗಾರರು. ಒಂದು ಬೆಳಿಗ್ಗೆ ಅವರ ಕಿವಿಯ ಹಿಂದೆ ಕಡಜ ಕಡಿದು ಅರ್ಧ ಮುಖ ಕುಂಬಳಕಾಯಿಯಾಗಿತ್ತು. ಅತ್ತೆ ಅವರನ್ನು ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂರಿಸಿ, ತಣ್ಣೀರಲ್ಲಿ ಅದ್ದಿದ ಬಟ್ಟೆ ಒತ್ತಿ, ಈರುಳ್ಳಿಯನ್ನು ಹೋಳು ಮಾಡಿ ಉಜ್ಜಿ, ಮೇಲೆ ಲೋಳೆಸರದ ತಿರುಳು ಸವರಿ, "ಕೆರೀಬೇಡಿ, ಮುಟ್ಟಬೇಡಿ, ಸಾಯಂಕಾಲದೊಳಗೆ ನಿಮ್ಮ ಮುಖ ನಿಮಗೆ ವಾಪಸ್ ಸಿಗುತ್ತೆ" ಎಂದರು. ಸಾಯಂಕಾಲ ಮುಖ ವಾಪಸ್ ಸಿಕ್ಕಿತು. "ಇವರು ಹುಳದಮ್ಮ ಕಣ್ರೋ, ಲೋಕದ ಹುಳಗಳೆಲ್ಲ ಇವರ ಮಾತು ಕೇಳ್ತವೆ" ಎಂದು ಕಾವಲುಗಾರರು ಬಂದಬಂದ ಲಾರಿ ಡ್ರೈವರುಗಳಿಗೆಲ್ಲ ಹೇಳಿದರು. ಹೆಸರು ನಿಂತುಬಿಟ್ಟಿತು. ಆ ಹೆಸರಿನಿಂದ ಆದದ್ದನ್ನು ನಾನೇ ಹೇಳಬೇಕು. ಬೇರೆಯವರು ಹೇಳಿದರೆ ಉಪ್ಪು ಖಾರ ಹಚ್ಚುತ್ತಾರೆ, ಇದಕ್ಕೆ ಉಪ್ಪು ಖಾರ ಬೇಕಿಲ್ಲ.

ಅದು ದವಸದ ಗೋದಾಮು. ತಗಡಿನ ಛಾವಣಿ, ಎತ್ತರದಲ್ಲಿ ಕೈ ಹಿಡಿಸುವಷ್ಟು ಕಿಂಡಿಗಳು, ಒಳಗೆ ಮೂರಾಳೆತ್ತರ ಒಟ್ಟಿದ ಮೂಟೆಗಳು. ಹಿಂಬದಿಯ ಪಡಸಾಲೆಯಲ್ಲಿ ಹದಿಮೂರು ಹೆಂಗಸರು ಸಾಲಾಗಿ ಕೂತು ಹರಿದ ಗೋಣಿಚೀಲ ಹೊಲಿಯುತ್ತಾರೆ. ಕೈಯಲ್ಲಿ ಗೇಣುದ್ದದ ದಬ್ಬಳ, ಪಕ್ಕದಲ್ಲಿ ದಾರದ ಉಂಡೆ, ತೊಡೆಯ ಮೇಲೆ ಚೀಲ. ದಬ್ಬಳದ ಹಿಂಬದಿ ಒತ್ತಿ ಒತ್ತಿ ಅಂಗೈ ತೂತು ಬೀಳದಿರಲೆಂದು ಹಳೇ ಸೈಕಲ್ ಟ್ಯೂಬಿನ ತುಂಡನ್ನು ಕೈಗೆ ಕಟ್ಟಿಕೊಳ್ಳುತ್ತಾರೆ. ಈ ಕತೆಯ ಹೊತ್ತಿಗೆ ಅತ್ತೆ ಅಲ್ಲಿ ಹೊಲಿಯಲು ಕೂತು ಇಪ್ಪತ್ತೆರಡು ವರ್ಷವಾಗಿತ್ತು. ಹರಿದ ಚೀಲ ಎಂದೂ ಬರಿದಾಗಿ ಬರುವುದಿಲ್ಲ. ಮಡಿಕೆಯಲ್ಲಿ ನುಸಿ, ಅಂಚಿನಲ್ಲಿ ಜೇಡ, ತಳದಲ್ಲಿ ಗೊದ್ದ ಇರುವೆಯ ದಂಡು, ಒಮ್ಮೊಮ್ಮೆ ಚೇಳಿನ ಮರಿ. ಸಂಜೆಯಾದರೆ ಹಿಂದಿನ ಚರಂಡಿಯಿಂದ ಸೊಳ್ಳೆಗಳ ಮೆರವಣಿಗೆ ಬೇರೆ.

ಇದಕ್ಕೆಲ್ಲ ಅತ್ತೆಯ ಹತ್ತಿರ ಒಂದೊಂದು ಉತ್ತರ ಇರುತ್ತಿತ್ತು. ಚೀಲದ ರಾಶಿಯ ನಡುವೆ ಒಣಗಿದ ಲಕ್ಕಿ ಸೊಪ್ಪು, ಬೇವಿನ ಸೊಪ್ಪು ಹರಡಿಡುತ್ತಿದ್ದರು. ಬೇವಿನೆಣ್ಣೆಗೆ ಕೊಬ್ಬರಿ ಎಣ್ಣೆ ಬೆರೆಸಿ ಮೊಣಕೈವರೆಗೆ, ಮೊಣಕಾಲವರೆಗೆ ಹಚ್ಚಿಕೊಳ್ಳುತ್ತಿದ್ದರು, ಪಕ್ಕದವರಿಗೂ ಹಚ್ಚುತ್ತಿದ್ದರು. "ಇದನ್ನ ಹಚ್ಕೊಂಡ್ರೆ ಸೊಳ್ಳೆ ಇರ್ಲಿ, ಗಂಡನೂ ಹತ್ರ ಬರಲ್ಲ" ಎಂದು ಹೆಂಗಸರು ಮೂಗು ಮುಚ್ಚಿಕೊಂಡು ನಗುತ್ತಿದ್ದರು. ನಿಂಬೆಹುಲ್ಲನ್ನು ಜಜ್ಜಿ ಕಿಟಕಿಯ ಸರಳಿಗೆ ಸಿಕ್ಕಿಸುತ್ತಿದ್ದರು. ಅದರ ವಾಸನೆ ಅರ್ಧ ದಿನಕ್ಕೆ ಹೋಗುತ್ತದೆ, ಮತ್ತೆ ಜಜ್ಜಬೇಕು ಎಂದು ಅವರೇ ಹೇಳುತ್ತಿದ್ದರು. ತಮ್ಮ ಮದ್ದಿನ ಬಗ್ಗೆ ಅವರು ಜಂಬ ಕೊಚ್ಚಿಕೊಂಡವರಲ್ಲ. ನಿಂತ ನೀರು ಚೆಲ್ಲದೆ ಯಾವ ಸೊಪ್ಪು ಸುಟ್ಟರೂ ಸೊಳ್ಳೆ ಹೋಗುವುದಿಲ್ಲ ಎಂದು ಗೋದಾಮಿನ ಹಿಂದಿನ ಹಳೇ ಟೈರುಗಳನ್ನೆಲ್ಲ ಕವುಚಿ ಹಾಕಿಸಿದವರೂ ಅವರೇ.

ಕಡಿಸಿಕೊಂಡವರು ಬಂದರೆ ಅತ್ತೆಯ ಕೈಚೀಲ ಬಿಚ್ಚಿಕೊಳ್ಳುತ್ತಿತ್ತು. ಇರುವೆಗೆ ಅಡುಗೆ ಸೋಡಾ ನೀರಲ್ಲಿ ಕಲಸಿದ್ದು. ಜೇನಿಗೆ ಮೊದಲು ಉಗುರಿನಿಂದ ಕೊಂಡಿಯನ್ನು ಕೆರೆದು ತೆಗೆಯುವುದು, ಹಿಸುಕಿ ಎಳೆಯಬಾರದು. ಕಂಬಳಿಹುಳದ ರೋಮಕ್ಕೆ ನಾದಿದ ಹಿಟ್ಟಿನ ಉಂಡೆ ಒತ್ತಿ ಒತ್ತಿ ಎತ್ತುವುದು. ಆಮೇಲೆ ಯಾವುದಕ್ಕಾದರೂ ಲೋಳೆಸರ, ತಣ್ಣೀರು, ಮತ್ತು ಒಂದು ಬೈಗುಳ. ಪರಚಿಕೊಳ್ಳುತ್ತಾ ಬಂದವರಿಗೆ "ಕೈಲಾಗದವನು ಮೈ ಪರಚಿಕೊಂಡ ಅಂತಾರಲ್ಲ, ನಿನ್ನ ನೋಡೇ ಹೇಳಿದ್ದು. ಕೈ ತೆಗಿ" ಎಂದು ಗದರುತ್ತಿದ್ದರು.

ನಾನು ಗೋದಾಮಿನ ಎದುರಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಸೊಳ್ಳೆ ಬತ್ತಿ, ಮುಲಾಮು, ತುರಿಕೆ ಮಾತ್ರೆ ಮಾರುವವಳು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾನು ಅಡುಗೆಮನೆಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆ ಗಾದೆಯ ಅರ್ಥವೇ ಬೇರೆ, ಅದು ನಿನ್ನಂಥವರನ್ನು ಗೇಲಿ ಮಾಡಲು ಹುಟ್ಟಿದ್ದು ಎಂದು ಅತ್ತೆ ತಿರುಗಿಸಿ ಕೊಡುತ್ತಿದ್ದರು. ನನಗೆ ನಾಲಿಗೆ ಸ್ವಲ್ಪ ಖಾರ. ಗೋದಾಮಿನವರು ಯಾರಾದರೂ ಜ್ವರವಿದ್ದೂ ಕಷಾಯ ಕುಡಿದು ಕೂತಿದ್ದರೆ ರಸ್ತೆ ದಾಟಿ ಹೋಗಿ ಬೈದು ಬರುತ್ತಿದ್ದೆ. ನನ್ನ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅಮ್ಮನ ಎಣ್ಣೆಯನ್ನೂ ಹಚ್ಚಿಕೊಂಡು, ನಾನು ತಂದ ಬತ್ತಿಯನ್ನೂ ಹೊತ್ತಿಸಿಕೊಂಡು, ಇಬ್ಬರಿಗೂ ಒಳ್ಳೆಯವರಾಗಿ ನಿದ್ದೆ ಹೋಗುವ ಆಸಾಮಿ.

ಆದರೆ ಅತ್ತೆಯ ಒಂದು ಅಭ್ಯಾಸ ನನಗೆ ಮೊದಲಿನಿಂದಲೂ ಸರಿಬರುತ್ತಿರಲಿಲ್ಲ. ಅವರು ಏನು ಕಡಿಯಿತು ಎಂದು ಕೇಳುತ್ತಿರಲಿಲ್ಲ. ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, "ಗೊದ್ದ" ಎಂದೋ "ಜೇಡ" ಎಂದೋ ತಾವೇ ಹೇಳುತ್ತಿದ್ದರು. "ಕೇಳಿ ಮದ್ದು ಕೊಡೋಕೆ ನಾನ್ಯಾಕೆ ಬೇಕು? ಗಾಯವೇ ಹೇಳುತ್ತೆ" ಎನ್ನುತ್ತಿದ್ದರು. ಬಹುಮಟ್ಟಿಗೆ ಸರಿಯಾಗಿಯೇ ಇರುತ್ತಿತ್ತು. ಇಪ್ಪತ್ತೆರಡು ವರ್ಷ ಸರಿಯಾಗಿದ್ದುದೇ ಕೆಟ್ಟದ್ದಾಯಿತು.

ಆ ವರ್ಷ ಪಡಸಾಲೆಗೆ ಒಬ್ಬ ಹೊಸ ಹೆಂಗಸು ಬಂದಳು. ಗಂಡ ಅದೇ ಗೋದಾಮಿನಲ್ಲಿ ಹಮಾಲಿ. ಇಬ್ಬರೂ ದೂರದ ಕಡೆಯವರು. ವಯಸ್ಸು ಇಪ್ಪತ್ತೈದು ದಾಟಿರಲಿಲ್ಲ. ಕರೆದರೆ ಓಗೊಡುವಷ್ಟು ಮಾತು, ಅದಕ್ಕಿಂತ ಹೆಚ್ಚಿಲ್ಲ. ಹೊಸಬಳು ಎಂದೇ ಕರೆಯುತ್ತಿದ್ದರು. ಬಂದು ಇಪ್ಪತ್ತು ದಿನವಾಗಿತ್ತೋ ಏನೋ, ಒಂದು ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಮೂಲೆಯಲ್ಲಿ ಬಹಳ ದಿನದಿಂದ ಬಿದ್ದಿದ್ದ ಚೀಲದ ರಾಶಿಯ ತಳಕ್ಕೆ ಕೈ ಹಾಕಿ ಎಳೆದಳು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಅತ್ತೆಯ ಮುಂದೆ ಬಂದು ನಿಂತಳು.

"ಅಮ್ಮಾ, ನಂಗೆ ಹುಳ ಮುಟ್ಟಿಬಿಡ್ತು" ಎಂದಳು. ಮುಖ ಬಿಳಿಚಿಕೊಂಡಿತ್ತು.

ಅತ್ತೆ ಕೈಯನ್ನು ಬೆಳಕಿಗೆ ತಿರುಗಿಸಿದರು. ಮಣಿಕಟ್ಟಿನ ಹತ್ತಿರ ಸೂಜಿ ಚುಚ್ಚಿದಂಥ ಎರಡು ಚುಕ್ಕೆ. ಕೆಂಪಿಲ್ಲ, ಊತವಿಲ್ಲ. "ಇದಕ್ಕಾ ಇಷ್ಟೊಂದು ಹೆದರ್ಕೊಂಡೆ? ಏನೂ ಇಲ್ಲ ಕಣಮ್ಮ, ಸಣ್ಣ ಹುಳ. ನಾನಿದೀನಲ್ಲ" ಎಂದರು. ಆ ಹುಡುಗಿಯ ಮೈಯಿಂದ ಹೆದರಿಕೆ ಇಳಿದುಹೋದದ್ದು ಎಲ್ಲರಿಗೂ ಕಾಣಿಸಿತಂತೆ. ಕಂಬಕ್ಕೆ ಒರಗಿ ಕೂತು ಒಂದಿಷ್ಟು ಅತ್ತಳು. ಅತ್ತೆ ಕೈ ತೊಳೆದು, ಬೇವಿನ ಸೊಪ್ಪು ಅರೆದು ಹಚ್ಚಿ, ಸೋಡಾ ಸವರಿ, ಕುಡಿಯಲು ನೀರು ಕೊಟ್ಟರು.

"ಅಮ್ಮಾ, ನಾನು ಸಾಯಲ್ಲ ತಾನೇ?" ಎಂದು ಕೇಳಿದಳು.

ಸಾಲಿಗೆ ಸಾಲೇ ಗೊಳ್ಳೆಂದು ನಕ್ಕಿತು. "ಹುಳ ಕಡಿದು ಯಾರಾದ್ರೂ ಸತ್ತಿದ್ದಾರೇನೇ, ಹುಚ್ಚಿ!" ಎಂದಳು ಒಬ್ಬಳು. ಹೊಸಬಳೂ ಅತ್ತೆಯ ಮುಖ ನೋಡಿ, ಅತ್ತೆ ನಕ್ಕದ್ದನ್ನು ಕಂಡು, ತಾನೂ ನಕ್ಕಳು.

ಹನ್ನೊಂದು ನಲವತ್ತಕ್ಕೆ ಅತ್ತೆ ರಸ್ತೆ ದಾಟಿ ನನ್ನ ಅಂಗಡಿಗೆ ಬಂದರು. ಕೈಯಲ್ಲಿ ಸ್ಟೀಲ್ ಲೋಟ.

"ಫ್ರಿಜ್ಜಲ್ಲಿ ಐಸ್ ಇದ್ರೆ ಕೊಡೇ."

"ಯಾರಿಗೆ?"

"ಹೊಸಬಳಿಗೆ. ಏನೋ ಹುಳ ಮುಟ್ಟಿದ್ಯಂತೆ. ವಿಚಿತ್ರ ಹುಳ ಕಣೇ. ಊತ ಇಲ್ಲ, ಉರಿ ಇಲ್ಲ, ತುರಿಕೆ ಇಲ್ಲ. ಕಣ್ಣು ಎಳೀತಿದೆ ಅಂತಾಳೆ. ರಾತ್ರಿ ನಿದ್ದೆ ಕೆಟ್ಟಿರ್ಬೇಕು."

ನಾನು ಐಸ್ ತೆಗೆಯಲು ಬಗ್ಗಿದವಳು ಹಾಗೇ ನಿಂತೆ. "ಅತ್ತೆ, ಅವಳು ಏನಂದ್ಲು? ಹುಳ ಕಡೀತು ಅಂದ್ಲಾ, ಮುಟ್ತು ಅಂದ್ಲಾ?"

"ಮುಟ್ತು ಅಂದ್ಲು. ಎರಡಕ್ಕೂ ಏನೇ ವ್ಯತ್ಯಾಸ?"

ನನ್ನ ತವರಿನಲ್ಲಿ ವ್ಯತ್ಯಾಸವಿತ್ತು. ನನ್ನ ಅಜ್ಜಿ ಸಾಯುವವರೆಗೂ ಹಾವಿಗೆ ಹಾವು ಎನ್ನಲಿಲ್ಲ. ಹೆಸರು ಹಿಡಿದರೆ ಕರೆದ ಹಾಗಾಗುತ್ತದೆ ಎಂಬ ಭಯ. ಹುಳ ಎನ್ನುತ್ತಿದ್ದರು. ಕಚ್ಚಿತು ಎಂದೂ ಅನ್ನುತ್ತಿರಲಿಲ್ಲ. ಇರುವೆ ಕಡಿಯುತ್ತದೆ, ಜೇನು ಕಡಿಯುತ್ತದೆ, ಹುಳ ಮುಟ್ಟುತ್ತದೆ. ಅತ್ತೆಯ ಮನೆಯಲ್ಲಿ ಹಾವಿಗೆ ಹಾವೇ, ಹುಳಕ್ಕೆ ಹುಳವೇ. ನಾನು ಆ ಮನೆಗೆ ಬಂದು ಹದಿನೆಂಟು ವರ್ಷವಾಗಿತ್ತು. ಉಪ್ಪಿನಿಂದ ಹಿಡಿದು ಊಟದ ಹೊತ್ತಿನವರೆಗೆ ಎಲ್ಲದರ ಬಗ್ಗೆ ಜಗಳವಾಡಿದ್ದ ನಾವಿಬ್ಬರು ಈ ಒಂದು ಮಾತನ್ನು ಎಂದೂ ಎದುರಾಬದುರು ಇಟ್ಟು ನೋಡಿರಲಿಲ್ಲ.

"ಅತ್ತೆ, ಅದು ಹಾವು" ಎಂದೆ.

ಅವರ ಕೈಯಿಂದ ಲೋಟ ಬಿತ್ತು. ಅದು ರಸ್ತೆಯಲ್ಲಿ ಉರುಳುವಾಗಲೇ ನಾವಿಬ್ಬರೂ ಓಡುತ್ತಿದ್ದೆವು.

ಹೊಸಬಳ ರೆಪ್ಪೆಗಳು ಅರ್ಧ ಮುಚ್ಚಿದ್ದವು. ಮಾತು ಬಾಯಲ್ಲಿ ದಪ್ಪವಾಗಿತ್ತು. ಅವಳ ಗಂಡ ಇಪ್ಪತ್ತು ಹೆಜ್ಜೆಯಾಚೆ ಲಾರಿಯಿಂದ ಮೂಟೆ ಇಳಿಸುತ್ತಿದ್ದ, ಅವನಿಗೆ ಯಾರೂ ಹೇಳಿರಲಿಲ್ಲ. ಹೇಳುವಂಥದ್ದು ಏನಿತ್ತು, ಹುಳ ತಾನೇ. ಕೈಗೆ ಕಟ್ಟು ಬಿಗಿಯಬೇಡಿ, ಕುಯ್ಯಬೇಡಿ, ನಡೆಸಬೇಡಿ ಎಂದು ನಾನು ಕೂಗಿದೆ. ಗಂಡ ಅವಳನ್ನು ಮೂಟೆ ಎತ್ತಿದಷ್ಟು ಸಲೀಸಾಗಿ ಎತ್ತಿಕೊಂಡ. ಗೋದಾಮಿನ ಪಿಕಪ್ ವ್ಯಾನಿನಲ್ಲಿ ಆಸ್ಪತ್ರೆಗೆ ಹೋದೆವು.

"ಎಷ್ಟು ಹೊತ್ತಾಯ್ತು?" ಎಂದು ಡಾಕ್ಟರ್ ಕೇಳಿದರು.

"ಮುಕ್ಕಾಲು ಗಂಟೆ ಮೇಲಾಯ್ತು" ಎಂದರು ಅತ್ತೆ. "ಅಷ್ಟೂ ಹೊತ್ತು ನನ್ನ ಹತ್ರ ಕೂತಿದ್ಲು."

"ಏನು ಹಚ್ಚಿದ್ದೀರಿ?"

ಅತ್ತೆ ಒಂದೂ ಬಿಡದೆ ಹೇಳಿದರು. ಬೇವು, ಸೋಡಾ, ತಣ್ಣೀರು. ಡಾಕ್ಟರ್ ಬೈಯಲಿಲ್ಲ. ಬೈದಿದ್ದರೆ ಅತ್ತೆಗೆ ಸ್ವಲ್ಪ ಹಗುರವಾಗುತ್ತಿತ್ತು ಎಂದು ಈಗಲೂ ನನಗನ್ನಿಸುತ್ತದೆ. ಕಟ್ಟುಹಾವು ಇರಬೇಕು, ಅದು ಕಚ್ಚಿದರೆ ನೋವೂ ಇರುವುದಿಲ್ಲ, ಊತವೂ ಇರುವುದಿಲ್ಲ, ಉಸಿರನ್ನೇ ನಿಲ್ಲಿಸುತ್ತದೆ ಎಂದಷ್ಟೇ ಹೇಳಿ ಒಳಗೆ ಹೋದರು. ಅತ್ತೆ ಹೊರಗಿನ ಬೆಂಚಿನ ಮೇಲೆ ಕೂತರು. ಅಂಗೈಗೆ ಕಟ್ಟಿದ್ದ ಟ್ಯೂಬಿನ ತುಂಡನ್ನು ಮೂರು ದಿನ ಬಿಚ್ಚಲಿಲ್ಲ.

ಹೊಸಬಳು ನಾಲ್ಕನೆಯ ದಿನ ಕಣ್ಣು ಬಿಟ್ಟಳು. ಅಲ್ಲಿಯವರೆಗೆ ಯಂತ್ರವೇ ಅವಳ ಪರವಾಗಿ ಉಸಿರಾಡಿತು. ಏಳನೆಯ ದಿನ ಮಾತು ಬಂತು. ಬಂದ ಮೊದಲ ಮಾತುಗಳಲ್ಲಿ ಇದೂ ಒಂದು. ಅತ್ತೆಯ ಕೈ ಹಿಡಿದುಕೊಂಡು, "ಎಲ್ರೂ ಹುಳದಮ್ಮ ಅಂತ ಕರೀತಿದ್ರಲ್ಲ. ಹುಳ ಮುಟ್ಟಿದ್ರೆ ಮದ್ದು ಕೊಡೋರು ಅಂತ ಬಂದ ದಿನವೇ ತಿಳ್ಕೊಂಡಿದ್ದೆ. ಅದಕ್ಕೇ ನಮ್ಮ ಮನೆಯವರಿಗೂ ಹೇಳ್ದೇನೇ ಸೀದಾ ನಿಮ್ಮ ಹತ್ರ ಬಂದೆ. ನೀವು ಮೊದಲು ಸೊಪ್ಪು ಹಚ್ಚಿದ್ದಕ್ಕೆ ಆಸ್ಪತ್ರೆವರೆಗೆ ಜೀವ ನಿಂತಿತ್ತು" ಎಂದಳು. ಅವಳ ಗಂಡ ಅಲ್ಲೇ ಬಗ್ಗಿ ಅತ್ತೆಯ ಕಾಲು ಹಿಡಿದ.

ಅತ್ತೆ ಕಾಲು ಹಿಂದಕ್ಕೆ ಎಳೆದುಕೊಂಡರು. "ಏಳಪ್ಪಾ. ನಾನು ಉಳಿಸ್ಲಿಲ್ಲ. ನಾನು ಕೂರಿಸ್ಕೊಂಡೆ. ನನ್ನ ಹತ್ರ ಬರ್ದೇ ನಿನ್ನ ಹತ್ರ ಬಂದಿದ್ರೆ ಇವಳಿಗೆ ಇಷ್ಟು ಕಷ್ಟ ಆಗ್ತಾನೇ ಇರ್ಲಿಲ್ಲ. ನಂಗೆ ಹಾವಿನ ವಿಷಯ ಏನೂ ಗೊತ್ತಿಲ್ಲ" ಎಂದರು.

"ದೊಡ್ಡವರು ಹಂಗೇ ಅನ್ನೋದು" ಎಂದು ಅವನು ಕಣ್ಣೊರೆಸಿಕೊಂಡ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದ ಮಾತು ಎಲ್ಲಿಗೆ ಹೋಗುತ್ತದೆಂದು ಆಗ ಕಂಡೆ. ಲಾರಿಗಳ ಜೊತೆ ಹೋಯಿತು, ಸಂತೆಯ ಚೀಲಗಳ ಜೊತೆ ಹೋಯಿತು. ಗೋದಾಮಿನಲ್ಲಿ ಒಬ್ಬಮ್ಮ ಇದ್ದಾರೆ, ಹುಳ ಮುಟ್ಟಿದವರಿಗೆ ಸೊಪ್ಪು ಹಚ್ಚಿ ಉಳಿಸುತ್ತಾರೆ. ಅತ್ತೆ ಅಲ್ಲ ಎಂದಷ್ಟೂ ಜನ ಹೌದು ಎಂದರು. ವಿನಯ ಎಂದರು. ಗುಟ್ಟು ಬಿಟ್ಟುಕೊಡುವುದಿಲ್ಲ ಎಂದರು. ನನ್ನ ಅಂಗಡಿಗೆ ಬಂದವರೂ "ನಿಮ್ಮತ್ತೆ ಭಾರಿ ಮದ್ದು ಗೊತ್ತಿರೋರಂತೆ" ಎನ್ನುತ್ತಿದ್ದರು. ನಿಜ ಹೇಳಿಬಿಡುತ್ತೇನೆ. ಮೊದಮೊದಲು ನಾನು ತಿದ್ದಿದೆ. ಆಮೇಲೆ ಗಿರಾಕಿ ನಿಂತಿರುವಾಗ ಅಷ್ಟು ದೊಡ್ಡ ಕತೆ ಯಾರು ಹೇಳುತ್ತಾರೆ ಎಂದು ನಕ್ಕು ಸುಮ್ಮನಾದೆ. ಊರೆಲ್ಲ ನನ್ನ ಅತ್ತೆಯನ್ನು ಹೊಗಳುವುದು ನನಗೂ ಒಂದಿಷ್ಟು ಹಿತವಾಗಿತ್ತು. ಆ ನಗುವಿಗೆ ನಾನು ಇವತ್ತಿಗೂ ನನ್ನನ್ನು ಕ್ಷಮಿಸಿಲ್ಲ.

ಅತ್ತೆ ಮಾತ್ರ ಸುಮ್ಮನಾಗಲಿಲ್ಲ. ಊಟದ ಹೊತ್ತಿಗೆ ಪಡಸಾಲೆಯಲ್ಲಿ ಎದ್ದು ನಿಂತು ಹೇಳಿದರು. ಲಾರಿಯವರಿಗೆ ಹೇಳಿದರು. ಇರುವೆ, ಸೊಳ್ಳೆ, ಜೇನು, ಕಂಬಳಿಹುಳ ಇಷ್ಟಕ್ಕೆ ಮಾತ್ರ ನನ್ನ ಹತ್ತಿರ ಬನ್ನಿ, ಹಾವಾದರೆ ಬರಬೇಡಿ, ಜೇನು ಕಡಿದು ಉಸಿರು ಕಟ್ಟಿದರೂ ಬರಬೇಡಿ, ಆಸ್ಪತ್ರೆಗೆ ಹೋಗಿ ಎಂದರು. ಯಾರಾದರೂ ಕಡಿಸಿಕೊಂಡು ಬಂದರೆ ಈಗ ಅವರು ಮೊದಲು ಕೇಳುತ್ತಿದ್ದರು. ಏನು ಕಡಿಯಿತು, ಕಣ್ಣಾರೆ ಕಂಡೆಯಾ, ಎಲ್ಲಿ ಕೈ ಹಾಕಿದ್ದೆ, ಎಷ್ಟು ಹೊತ್ತಾಯಿತು. ಒಂದು ಸೊಳ್ಳೆ ಕಡಿತಕ್ಕೂ ಇಷ್ಟು ವಿಚಾರಣೆ ನೋಡಿ ಕಾವಲುಗಾರರು ನಗಾಡಿದರು. "ಹುಳದಮ್ಮ ಪೊಲೀಸ್ ಆಗ್ಬಿಟ್ರು ಕಣ್ರೋ. ಎಷ್ಟು ಸುಳ್ಳು ಹೇಳಿದ್ರೂ ನಿಮ್ಮ ಕೈಗುಣ ನಮಗೆ ಗೊತ್ತಿಲ್ವಾ?" ಎಂದರು.

"ನನ್ನ ಕೈಗುಣ ಆ ಹುಡುಗೀನ ಕೇಳಿ" ಎಂದರು ಅತ್ತೆ.

"ಅವಳನ್ನೇ ಕೇಳಿದ್ದು" ಎಂದು ಅವರು ಇನ್ನೂ ಜೋರಾಗಿ ನಕ್ಕರು.

ಎರಡು ತಿಂಗಳಾದ ಮೇಲೆ ಹೊಸಬಳನ್ನು ಆಸ್ಪತ್ರೆಗೆ ತೋರಿಸಲು ಕರೆದುಕೊಂಡು ಹೋಗಬೇಕಿತ್ತು. ಗಂಡನಿಗೆ ರಜೆ ಸಿಗಲಿಲ್ಲವೆಂದು ಅತ್ತೆ ತಾವೇ ಹೊರಟರು. ಅವತ್ತು ಬೆಳಿಗ್ಗೆ ಕಾವಲುಗಾರರು ತೂಕದ ಕೋಣೆಯ ಹಿಂದೆ ಹುಲ್ಲು ಕೀಳುತ್ತಿದ್ದಾಗ ಪಾದಕ್ಕೆ ಹಾವು ಕಚ್ಚಿತು. ಅವರು ಹಾವನ್ನು ಕಣ್ಣಾರೆ ಕಂಡಿದ್ದರು, ಹಾವು ಎಂದು ಬಾಯಿಬಿಟ್ಟು ಹೇಳಿಯೂ ಇದ್ದರು. ಹಮಾಲಿಗಳು ಆಸ್ಪತ್ರೆಗೆ ಹೊರಡಿ ಎಂದರೆ, "ಹುಳದಮ್ಮ ಬರ್ಲಿ. ಹನ್ನೊಂದಕ್ಕೆ ಬರ್ತೀನಿ ಅಂದಿದ್ದಾರೆ" ಎಂದು ಕೋಣೆಯೊಳಗಿನ ನೆರಳಲ್ಲಿ ಕಾಲು ಚಾಚಿ ಕೂತರು. ಹೊಸಬಳ ಗಂಡನೇ ಒಂದು ಲೋಟ ನೀರು ತಂದುಕೊಟ್ಟು, ಹೆದರಬೇಡಿ, ಅಮ್ಮ ಬರುತ್ತಾರೆ ಎಂದನಂತೆ. ಒಬ್ಬಳು ಹೆಂಗಸು ಎದುರಿನ ಅಂಗಡಿಗೆ ಓಡಿ ಬಂದು ನನಗೆ ಹೇಳಲು ಹೊರಟಿದ್ದಳು. ಕಾವಲುಗಾರರು ತಡೆದರು.

"ಆ ಸೊಸೆಗೆ ಹೇಳ್ಬೇಡ್ರೇ. ಬಾಯಿಗೆ ಬಂದ ಹಾಗೆ ಬೈತಾಳೆ."

ಅದನ್ನು ಆ ಹೆಂಗಸು ಆಮೇಲೆ ನನಗೆ ಹೇಳಿದಳು. ಬೇಕಂತಲೇ ಹೇಳಿದ್ದಲ್ಲ, ಅಳುತ್ತಾ ಬಾಯಿ ತಪ್ಪಿ ಬಂತು. ನಾನು ಇಪ್ಪತ್ತು ಮಾರು ದೂರದಲ್ಲಿ ಮಾತ್ರೆ ಎಣಿಸುತ್ತಾ ನಿಂತಿದ್ದೆ. ಸಾಯುವ ಮನುಷ್ಯ ಹಾವಿಗಿಂತ ನನ್ನ ನಾಲಿಗೆಗೆ ಹೆಚ್ಚು ಹೆದರಿದ್ದ.

ಅತ್ತೆ ಹನ್ನೊಂದಕ್ಕೆ ಬರಲಿಲ್ಲ. ಆಸ್ಪತ್ರೆಯಲ್ಲಿ ಸಾಲು ಉದ್ದವಿತ್ತು. ಕಾವಲುಗಾರರು ಎಲ್ಲಿಗೆ ಹೋಗಬೇಕಿತ್ತೋ ಅದೇ ಆಸ್ಪತ್ರೆಯ ಬೆಂಚಿನ ಮೇಲೆ ಅತ್ತೆ ಕೂತಿದ್ದರು. ಇವರು ಅಲ್ಲಿ, ಅವರು ಇಲ್ಲಿ. ಹನ್ನೆರಡೂವರೆಗೆ ಕಾವಲುಗಾರರ ಕಾಲು ತೊಡೆಯವರೆಗೆ ಊದಿ, ಬಾಯಲ್ಲಿ ರಕ್ತ ಕಾಣಿಸಿಕೊಂಡ ಮೇಲೆ ಹಮಾಲಿಗಳು ಅವರ ಮಾತು ಕೇಳದೆ ಎತ್ತಿಕೊಂಡು ಓಡಿದರು. ಅತ್ತೆ ಔಷಧಿ ಚೀಟಿ ಹಿಡಿದು ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ವ್ಯಾನು ಬಂದು ನಿಂತಿತು. ಕಾವಲುಗಾರರು ಇವರನ್ನು ಕಂಡು, "ಬಂದ್ರಾ?" ಎಂದರಂತೆ. ಅಷ್ಟೇ. ಸಾಯಂಕಾಲ ಹೋಗಿಬಿಟ್ಟರು.

ಮೂರನೆಯ ದಿನ ನಾವಿಬ್ಬರೂ ಅವರ ಮನೆಗೆ ಹೋದೆವು. ಒಂದೇ ಕೋಣೆ. ಬಾಗಿಲ ಹಿಂದಿನ ಮೊಳೆಗೆ ಅವರ ಖಾಕಿ ಅಂಗಿ ಇನ್ನೂ ನೇತಾಡುತ್ತಿತ್ತು. ಅವರ ಹೆಂಡತಿ ಅತ್ತೆಯನ್ನು ತಬ್ಬಿಕೊಂಡು, "ಅಕ್ಕಾ, ನೀವೊಬ್ರು ಅವತ್ತು ಗೋದಾಮಲ್ಲಿ ಇದ್ದಿದ್ರೆ ನಮ್ಮವರು ಉಳೀತಿದ್ರು" ಎಂದರು.

ಎಲ್ಲರೂ ತಲೆ ತಗ್ಗಿಸಿ ಕೂತಿದ್ದರು. ಸುಮ್ಮನಿರಿ ಎಂದು ನಾನು ಅತ್ತೆಯ ಸೆರಗು ಜಗ್ಗಿದೆ. ಸಾವಿನ ಮನೆಯಲ್ಲಿ ಯಾರು ವಾದ ಮಾಡುತ್ತಾರೆ? ಅತ್ತೆ ಸುಮ್ಮನಿರಲಿಲ್ಲ.

"ನಾನಿದ್ದಿದ್ರೂ ಉಳೀತಿರ್ಲಿಲ್ಲ ಕಣಮ್ಮ. ನಾನು ಇಲ್ಲ ಅಂತ ಗೊತ್ತಿದ್ದಿದ್ರೆ ಉಳೀತಿದ್ರು. ನಾನು ಬರ್ತೀನಿ ಅಂತ ಕಾದು ಹೋದ್ರು" ಎಂದರು.

ಅವರ ಹೆಂಡತಿ ಅಪ್ಪುಗೆ ಬಿಟ್ಟರು. ಆಮೇಲೆ ಗೋಡೆಯ ಕಡೆ ತಿರುಗಿಕೊಂಡರು. ಅವರಿಗೆ ಇದ್ದ ಒಂದೇ ಸಮಾಧಾನವನ್ನು ಅತ್ತೆ ಕಿತ್ತುಕೊಂಡರು ಎಂದು ಅಲ್ಲಿದ್ದವರೆಲ್ಲ ಆಡಿಕೊಂಡರು. ನನಗೂ ಆಗ ಹಾಗೇ ಅನ್ನಿಸಿತು. ದಾರಿಯಲ್ಲಿ ಅಂದೂಬಿಟ್ಟೆ. ಅತ್ತೆ ಮನೆಗೆ ಬಂದು ಸ್ನಾನ ಮಾಡಿ, ಕನ್ನಡಿಯ ಮುಂದೆ ನಿಂತು ತಲೆ ಒರೆಸಿಕೊಳ್ಳುತ್ತಾ, "ಹೆಸರು ಇಟ್ಟೋರೇ ಹೋದ್ರು, ಹೆಸರು ಮಾತ್ರ ಹೋಗ್ಲಿಲ್ಲ ನೋಡು" ಎಂದರು.

ಹೆಸರು ಹೋಗಲಿಲ್ಲ. ಗೋದಾಮಿನವರು ಎದುರಿಗೆ ಅಮ್ಮ ಎನ್ನಲು ಶುರುಮಾಡಿದರು, ಬೆನ್ನ ಹಿಂದೆ ಅದೇ ಹುಳದಮ್ಮ. ಕಾವಲುಗಾರರ ಸಾವೂ ಆ ಹೆಸರಿಗೆ ಇನ್ನೊಂದು ಗರಿಯಾಯಿತು. ಹುಳದಮ್ಮ ಇಲ್ಲದ ದಿನ ನೋಡಿಕೊಂಡೇ ಹಾವು ಬಂತಂತೆ ಎಂದರು. ಜನರ ತಲೆಗೆ ಹುಳ ಬಿಡುವುದು ಸುಲಭ, ಬಿಟ್ಟ ಹುಳವನ್ನು ತೆಗೆಯುವ ಸೊಪ್ಪು ಯಾವ ಹಿತ್ತಲಲ್ಲೂ ಬೆಳೆಯುವುದಿಲ್ಲ.

ಅತ್ತೆ ಕೆಲಸ ಬಿಡಲಿಲ್ಲ. ಬೇವಿನೆಣ್ಣೆಯನ್ನೂ ಬಿಡಲಿಲ್ಲ. "ಸೊಳ್ಳೆ ಮಾಡಿದ ತಪ್ಪೇನು, ಬೇವು ಮಾಡಿದ ತಪ್ಪೇನು" ಎಂದರು. ಹಳೇ ಚೀಲದ ರಾಶಿಗೆ ಯಾರೂ ಬರಿಗೈ ಹಾಕದ ಹಾಗೆ ಮೇಸ್ತ್ರಿಗೆ ದುಂಬಾಲು ಬಿದ್ದು ಉದ್ದನೆಯ ಕೊಕ್ಕೆ ಮಾಡಿಸಿದರು. ಇಲಿ ಬಂದರೆ ಹಾವು ಬರುತ್ತದೆಂದು ಗೋಡೆಯ ಬಿಲಗಳಿಗೆಲ್ಲ ಗಾರೆ ಮೆತ್ತಿಸಿದರು. ನಾನೂ ಬೈಯುವುದನ್ನು ಕಡಿಮೆ ಮಾಡಿದೆ. ಪೂರ್ತಿ ಬಿಟ್ಟೆ ಎಂದರೆ ಸುಳ್ಳಾಗುತ್ತದೆ.

ಆಮೇಲೆ ಒಂದು ಮಧ್ಯಾಹ್ನ ಅತ್ತೆ ನನ್ನ ಅಂಗಡಿ ಮುಂದೆ ಚಹಾ ಕುಡಿಯುತ್ತಾ ನಿಂತಿದ್ದರು. ಒಂದು ಆಟೋ ಬಂದು ನಿಂತಿತು. ಒಳಗೆ ಮೂವತ್ತರ ಆಸುಪಾಸಿನ ಒಬ್ಬ, ಬಟ್ಟೆಯ ತುಂಬ ಸುಣ್ಣ ಬಣ್ಣದ ಕಲೆ, ಗೋಡೆಗೆ ಬಣ್ಣ ಬಳಿಯುವವನೆಂದು ನೋಡಿದರೇ ತಿಳಿಯುತ್ತಿತ್ತು. ಎಡಗಾಲನ್ನು ಸೀಟಿನ ಮೇಲೆ ಚಾಚಿಕೊಂಡಿದ್ದ. ಜೊತೆಯಲ್ಲಿದ್ದ ಹೆಂಗಸು ಇಳಿದು ನನ್ನ ಹತ್ತಿರ ಓಡಿಬಂದಳು.

"ಇಲ್ಲಿ ಹುಳದಮ್ಮ ಅಂತ ಇದ್ದಾರಲ್ಲ, ಎಲ್ಲಿ ಸಿಗ್ತಾರೆ? ನನ್ನ ತಮ್ಮನಿಗೆ ಹುಳ ಮುಟ್ಟಿದೆ."

ಅತ್ತೆ ಚಹಾದ ಲೋಟ ಕೆಳಗಿಟ್ಟು ಮುಂದೆ ಬಂದರು. "ಹುಳ ಅಂದ್ರೆ? ಹಾವಾ? ಬಾಯ್ಬಿಟ್ಟು ಹೇಳಿ."

ಹೆಂಗಸು ತಡವರಿಸಿ, "ಹೂಂ, ಅದೇ" ಎಂದಳು. "ಅರ್ಧ ಗಂಟೆ ಆಯ್ತು. ಊರಾಚೆಯಿಂದ ಅವರಿಗೋಸ್ಕರ ಬಂದಿದೀವಿ. ಮಧ್ಯೆ ಎಲ್ಲೂ ನಿಲ್ಲಿಸ್ಲಿಲ್ಲ."

ಮಧ್ಯೆ, ಅವರು ಬಂದ ದಾರಿಯಲ್ಲೇ, ಆಸ್ಪತ್ರೆ ಇತ್ತು. ಅದರ ಗೇಟಿನ ಮುಂದೆಯೇ ಹಾದು ಬಂದಿದ್ದರು.

ಅತ್ತೆಯ ಮುಖ ನೋಡಿದೆ. ಇಷ್ಟು ದಿನ ಎಲ್ಲರಿಗೂ ಹೇಳಿದ್ದನ್ನೇ ಇವಳಿಗೂ ಹೇಳುತ್ತಾರೆ, ನಾನೇ ಆ ಹುಳದಮ್ಮ, ನನಗೇನೂ ಗೊತ್ತಿಲ್ಲ ಎನ್ನುತ್ತಾರೆ, ಇವಳು ಕಾಲು ಹಿಡಿಯುತ್ತಾಳೆ, ಒಂದೇ ಒಂದು ಎಲೆ ಕೊಡಿ ಎಂದು ಗೋಗರೆಯುತ್ತಾಳೆ, ಹೊತ್ತು ಹೋಗುತ್ತದೆ ಎಂದುಕೊಂಡೆ.

"ಅವಳು ಸತ್ತೋದ್ಲು" ಎಂದರು ಅತ್ತೆ. "ಆಟೋ ಹತ್ತಮ್ಮ."

ಹೆಂಗಸು ನಿಂತಲ್ಲೇ ನಿಂತಳು. ಅತ್ತೆ ಅವಳ ರಟ್ಟೆ ಹಿಡಿದು ಆಟೋದೊಳಗೆ ತಳ್ಳಿ, ತಾವೂ ಹತ್ತಿದರು. ನಾನು ಅಂಗಡಿಯನ್ನು ಪಕ್ಕದವರಿಗೆ ನೋಡಿಕೊಳ್ಳಲು ಹೇಳಿ ಡ್ರೈವರ್ ಪಕ್ಕ ಕೂತೆ. ಆಸ್ಪತ್ರೆಗೆ ಎಂದೆ. ಅತ್ತೆ ಆ ಹುಡುಗನ ಕಾಲು ಅಲುಗಾಡದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು, ನಿಧಾನಕ್ಕೆ ಉಸಿರಾಡು, ಏಳಬೇಡ ಎನ್ನುತ್ತಿದ್ದರು. ಅವನ ಅಕ್ಕ ಹಿಂದಕ್ಕೆ ತಿರುಗಿ ಗೋದಾಮಿನ ಕಡೆಯೇ ನೋಡುತ್ತಿದ್ದಳು. ಅವಳಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ಇಳಿದು ಒಮ್ಮೆ ವಿಚಾರಿಸೋಣವೇ ಎನ್ನುವ ಹಾಗಿತ್ತು.

"ಅಲ್ಲಾ ಅಮ್ಮಾ, ಹೋದ ವಾರ ಕೂಡ ಅವರ ಬಗ್ಗೆ ಹೇಳ್ತಿದ್ರು. ಏನಾಗಿತ್ತು ಅವರಿಗೆ?"

"ಹುಳ ಮುಟ್ತು" ಎಂದರು ಅತ್ತೆ.

"ಅವರಿಗೇನಾ?"

"ಅವಳಿಗೇ. ತಾನೇ ಸೊಪ್ಪು ಅರೆದು ಹಚ್ಕೊಂಡು ಕೂತ್ಲು. ಆಸ್ಪತ್ರೆಗೆ ಹೋಗ್ಲಿಲ್ಲ."

ಆ ಹೆಂಗಸು ಮುಂದಕ್ಕೆ ಬಗ್ಗಿ ಡ್ರೈವರ್ ಬೆನ್ನನ್ನು ಎರಡೂ ಕೈಯಲ್ಲಿ ಗುದ್ದುತ್ತಾ, "ಬೇಗ ಓಡ್ಸಣ್ಣಾ, ಬೇಗ ಓಡ್ಸು" ಎಂದು ಕಿರುಚಿದಳು.